ಕಿರುವೃಂದವೂ ಜನಪ್ರಿಯ ಗಾನವೂ

ನಮ್ಮ ಕಾಲೇಜಿನಲ್ಲಿ ಯಾವ ಸಮಾರಂಭ ನಡೆದರೂ ಮೊದಲು ಪ್ರಾರ್ಥನೆಯಾಗಬೇಕಷ್ಟೆ. ಐದಾರು ಮಂದಿ ವಿದ್ಯಾರ್ಥಿನಿಯರೂ ಇಬ್ಬರು ಮೂವರು ವಿದ್ಯಾರ್ಥಿಗಳೂ ಧ್ವನಿವರ್ಧಕದ ಮುಂದೆ ನಿಂತು ಒಂದೇ ಧಾಟಿಯನ್ನು ಒಟ್ಟಾಗಿ ಹಾಡುತ್ತಾರೆ. ಗಂಡುದನಿ ಒಂದು ಸ್ಥಾಯಿ ಕೆಳಗೆ ನಡೆಯುತ್ತದೆಯೇ ಹೊರತು ಸ್ವರಗಳಲ್ಲಿ ಭೇದವಿಲ್ಲ. ಒಬ್ಬರಿಗೆ ಸಾಹಿತ್ಯ ಮರೆತರೆ ಪಕ್ಕದವರ ದನಿಯನ್ನು ಹಿಡಿದುಕೊಂಡು ಸಾಲನ್ನು ದಾಟಿಬಿಡಬಹುದು. ಊರಿನ ಭಜನೆಮಂಡಳಿಯಲ್ಲಿಯೂ ಕ್ರಮ ಇದೇ. ಹೀಗಾಗಿ, ಹಲವರು ಕೂಡಿ ಹಾಡುವುದೆಂದರೆ ಒಬ್ಬರು ಹಾಡುವುದನ್ನೇ ಗಟ್ಟಿಯಾಗಿ ಹಾಡುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪಾಶ್ಚಾತ್ಯರ ‘ಚೇಂಬರ್ ಕ್ವಾಯರ್’ ಎಂಬ ಗಾಯಕವೃಂದದ ವಿಷಯವನ್ನು ತಿಳಿಯಬೇಕಾದರೆ ಮೊದಲು ಈ ಭಾವನೆಯನ್ನು ಸ್ವಲ್ಪ ಬದಿಗಿರಿಸಬೇಕು. ಅಂಥ ಒಂದು ವೃಂದದ ಕಥೆಯನ್ನು ಹೇಳಿ, ಹೊಸ ಸಂಗೀತವನ್ನೇ ವ್ರತವಾಗಿ ಹಿಡಿದಿದ್ದ ಆ ಗಾಯಕರು ಜನಪ್ರಿಯ ಸಂಗೀತಗಾರರೊಡನೆ ಕೂಡಿದಾಗ ನಿಜವಾಗಿ ಏನು ನಡೆಯಿತೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಪಾಶ್ಚಾತ್ಯ ಗಾಯಕವೃಂದದಲ್ಲಿ ಸಾಮಾನ್ಯವಾಗಿ ನಾಲ್ಕು ಪಂಕ್ತಿಗಳಿರುತ್ತವೆ. ಹೆಂಗಸರ ಎತ್ತರದ ದನಿ ಸೊಪ್ರಾನೋ, ತಗ್ಗಿನದು ಆಲ್ಟೋ. ಗಂಡಸರ ಎತ್ತರದ ದನಿ ಟೆನರ್, ತಗ್ಗಿನದು ಬಾಸ್. ಒಂದೇ ಕ್ಷಣದಲ್ಲಿ ಈ ನಾಲ್ಕು ಪಂಕ್ತಿಗಳೂ ಬೇರೆ ಬೇರೆ ಸ್ವರಗಳನ್ನು ಹಾಡುತ್ತವೆ. ಬಾಸಿನವರು ಷಡ್ಜದಲ್ಲಿ ನಿಂತಿದ್ದರೆ ಟೆನರಿನವರು ಗಾಂಧಾರದಲ್ಲಿಯೂ ಸೊಪ್ರಾನೋದವರು ಪಂಚಮದಲ್ಲಿಯೂ ಇರಬಹುದು. ಹೀಗೆ ಏಕಕಾಲದಲ್ಲಿ ನುಡಿಯುವ ಸ್ವರಗಳ ಕೂಟಕ್ಕೆ ಹಾರ್ಮನಿ ಎಂದು ಹೆಸರು. ನಮ್ಮ ಸಂಗೀತದಲ್ಲಿ ರಾಗ ಹೇಗೆ ಪ್ರಾಣವೋ ಅವರಲ್ಲಿ ಹಾರ್ಮನಿ ಹಾಗೆ.

ನೂರಿನ್ನೂರು ಮಂದಿ ಹಾಡುವ ದೊಡ್ಡ ವೃಂದಗಳು ಅಲ್ಲಿ ಊರೂರಿನಲ್ಲಿಯೂ ಉಂಟು. ಅವುಗಳಲ್ಲಿ ಬಹುಪಾಲು ಹವ್ಯಾಸಿಗಳು: ಹಗಲು ಕಚೇರಿಯ ಕೆಲಸ, ಸಂಜೆ ಹಾಡು. ಒಂದೊಂದು ಪಂಕ್ತಿಯಲ್ಲಿಯೂ ನಲವತ್ತೈವತ್ತು ಮಂದಿ ಇರುವುದರಿಂದ ಅಳುಕಿನವರು ಗಟ್ಟಿಗರ ಬೆನ್ನಿಗೆ ನಿಂತು ಸುಖವಾಗಿ ಪಾರಾಗಬಹುದು. ಚೇಂಬರ್ ಕ್ವಾಯರ್ ಹಾಗಲ್ಲ. ಅದು ಹನ್ನೆರಡೋ ಹದಿನಾರೋ, ಹೆಚ್ಚೆಂದರೆ ಮೂವತ್ತೋ ಮಂದಿಯ ಕಿರುವೃಂದ. ಚೇಂಬರ್ ಎಂದರೆ ಕೊಠಡಿ. ದೊಡ್ಡ ಸಭಾಂಗಣಕ್ಕಲ್ಲ, ಕೋಣೆಗೆ ತಕ್ಕ ಗಾತ್ರವೆಂದು ಆ ಹೆಸರು ಬಂತು. ಹದಿನಾರು ಮಂದಿಯಿದ್ದರೆ ಪಂಕ್ತಿಗೆ ನಾಲ್ವರಾದರು. ರಚನಕಾರ ಆ ಪಂಕ್ತಿಯನ್ನು ಎರಡಾಗಿಯೋ ನಾಲ್ಕಾಗಿಯೋ ಸೀಳಿದನೆಂದರೆ ಪ್ರತಿಯೊಬ್ಬ ಗಾಯಕನೂ ತನ್ನ ಸ್ವರಕ್ಕೆ ತಾನೊಬ್ಬನೇ ಜವಾಬ್ದಾರ. ಪಕ್ಕದವನನ್ನು ನೆಚ್ಚುವಂತಿಲ್ಲ, ನೆಚ್ಚಿದರೆ ಅವನ ಸ್ವರಕ್ಕೆ ಜಾರಿಬಿಡುತ್ತಾನೆ.

ಇಪ್ಪತ್ತನೆಯ ಶತಮಾನದ ರಚನಕಾರರು ಈ ಕಷ್ಟವನ್ನು ಇಮ್ಮಡಿಗೊಳಿಸಿದರು. ವಿಯೆನ್ನಾದ ಆರ್ನಾಲ್ಡ್ ಶೋನ್‌ಬರ್ಗ್ ಮೊದಲಾದವರು ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳಿಗೂ ಸಮಾನ ಹಕ್ಕು ಕೊಟ್ಟು, ಆಧಾರ ಷಡ್ಜವೆಂಬುದನ್ನೇ ತೆಗೆದುಹಾಕಿದರು. ಸಂಗೀತಾಭ್ಯಾಸ ಮಾಡಿರುವ ಮಿತ್ರರು ಇದನ್ನು ಹೀಗೆ ಊಹಿಸಿಕೊಳ್ಳಬಹುದು: ತಂಬೂರಿಯನ್ನು ನಿಲ್ಲಿಸಿ, ಯಾವ ಸ್ವರವನ್ನೂ ‘ಸ’ ಎಂದು ಭಾವಿಸಬಾರದೆಂದು ವಿಧಿಸಿ, ಅನಂತರ ಕಾಗದದ ಮೇಲೆ ಬರೆದಿರುವ ಅಪರಿಚಿತ ಸ್ವರವನ್ನು ಗಂಟಲಿನಿಂದ ತೆಗೆಯಬೇಕೆಂದರೆ ಹೇಗಿದ್ದೀತು? ಪಿಯಾನೋ ಬಾರಿಸುವವನಿಗೆ ಈ ತೊಂದರೆಯಿಲ್ಲ. ಬರೆದಿರುವ ಮನೆಯನ್ನು ಒತ್ತಿದರೆ ಸ್ವರ ತಾನಾಗಿ ಬರುತ್ತದೆ. ಹಾಡುವವನಾದರೋ ಸ್ವರವನ್ನು ಹೊರಡಿಸುವ ಮೊದಲೇ ಮನಸ್ಸಿನಲ್ಲಿ ಕೇಳಿಕೊಂಡಿರಬೇಕು. ಆದ್ದರಿಂದ ಹೊಸ ಸಂಗೀತ ವಾದ್ಯಗಾರನಿಗಿಂತ ಗಾಯಕನಿಗೆ ಕಠಿನ; ಗಾಯಕರಲ್ಲಿಯೂ ಒಬ್ಬನೇ ಹಾಡುವವನಿಗಿಂತ, ಸುತ್ತ ಬೇರೆ ಬೇರೆ ಸ್ವರಗಳು ಮೊಳಗುತ್ತಿರುವಾಗ ತನ್ನದನ್ನು ಬಿಡದೆ ಹಿಡಿದಿರಬೇಕಾದ ವೃಂದಗಾಯಕನಿಗೆ ಕಠಿನತರ. ಇಂಥ ರಚನೆಗಳನ್ನು ನಿಭಾಯಿಸಬಲ್ಲ ವೃಂದಗಳು ಯೂರೋಪಿನಲ್ಲಿಯೇ ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಲಂಡನ್ನಿನಲ್ಲಿ ಒಂದು ಹುಟ್ಟಿಕೊಂಡಿತು.

ಅದರ ಸ್ಥಾಪಕರು ಜಾನ್ ಆಲ್ಡಿಸ್ ಎಂಬವರು. 1929ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ಇವರು ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ ಬೋರಿಸ್ ಆರ್ಡ್ ಅವರ ಕೈಕೆಳಗೆ ವೃಂದಗಾಯಕರಾಗಿದ್ದವರು. ಈ ಹಿನ್ನೆಲೆಯನ್ನು ಗಮನಿಸಬೇಕು. ಇಂಗ್ಲೆಂಡಿನ ಇಂಥ ದೇವಾಲಯಗಳಲ್ಲಿ ಗಾಯನಸೇವೆ ವಾರಕ್ಕೊಮ್ಮೆಯಲ್ಲ, ಹೆಚ್ಚು ಕಡಿಮೆ ದಿನವೂ ನಡೆಯುತ್ತದೆ, ದಿನಕ್ಕೊಂದು ಕೃತಿ. ಬಾಯಿಪಾಠ ಮಾಡುವಷ್ಟು ಸಮಯವೆಲ್ಲಿ? ಹುಡುಗರು ಓದುಬರಹ ಕಲಿಯುವ ವಯಸ್ಸಿನಲ್ಲಿಯೇ ಸ್ವರಲಿಪಿಯನ್ನು ನೋಡಿದೊಡನೆ ಹಾಡುವುದನ್ನು ಕಲಿಯುತ್ತಾರೆ. ಅತ್ಯಂತ ಸಂಪ್ರದಾಯಶೀಲವಾದ ಈ ಶಾಲೆಯಿಂದಲೇ ಅತ್ಯಂತ ನವೀನವಾದ ಸಂಗೀತಕ್ಕೆ ಬೇಕಾದ ಗಾಯಕರು ಬಂದರೆಂಬುದು ವಿನೋದವಾದ ಸಂಗತಿ. ಆದರೆ ಯೋಚಿಸಿದರೆ ಸಹಜವೇ ಸರಿ.

1962ರಲ್ಲಿ ಆಲ್ಡಿಸ್ ಅವರು ಹದಿನಾರು ಮಂದಿ ವೃತ್ತಿಗಾಯಕರನ್ನು ಕಲೆಹಾಕಿ ತಮ್ಮ ಹೆಸರಿನಲ್ಲಿಯೇ ವೃಂದವೊಂದನ್ನು ಆರಂಭಿಸಿದರು. ಮೊದಲ ಕಚೇರಿಯಲ್ಲಿಯೇ ಅಲೆಕ್ಸಾಂಡರ್ ಗೋಯರ್ ಎಂಬ ಮೂವತ್ತರ ತರುಣನ ಹೊಸ ಕೃತಿ ಹಾಡಲ್ಪಟ್ಟಿತು. ಕವಿ ಬ್ಲೇಕನ ಸೂಕ್ತಿಗಳಿಗೆ ಸ್ವರ ಹಾಕಿದ ಪುಟ್ಟ ಕೃತಿ ಅದು. ಈ ಗೋಯರ್ ಅವರ ತಂದೆ ಮೇಲೆ ಹೇಳಿದ ಶೋನ್‌ಬರ್ಗರ ಶಿಷ್ಯ. ಆಮೇಲೆ ಮಾಲ್ಕಂ ವಿಲಿಯಮ್ಸನ್, ರಿಚರ್ಡ್ ರಾಡ್ನಿ ಬೆನೆಟ್ ಮೊದಲಾದ ಸಮಕಾಲೀನರ ಕೃತಿಗಳು ಈ ವೃಂದದ ಬಾಯಿಂದ ಕೇಳಿಬಂದವು. ಬದುಕಿರುವ ರಚನಕಾರನಿಗೆ ತಾನು ಬರೆದುದು ಕಿವಿಗೆ ಬೀಳುವುದಕ್ಕಿಂತ ದೊಡ್ಡ ಉಪಕಾರವಿಲ್ಲ. ಎಷ್ಟೋ ಹೊಸ ಕೃತಿಗಳು ಕೆಟ್ಟವೆನಿಸಿಕೊಳ್ಳುವುದು ಅವು ಕೆಟ್ಟಿರುವುದರಿಂದಲ್ಲ, ಹಾಡಿದವರು ತಪ್ಪು ಹಾಡಿದ್ದರಿಂದ.

ಈ ವೃಂದ 1960ರ ದಶಕದಲ್ಲಿ ಧ್ವನಿಮುದ್ರಿಸಿದ ಕೃತಿಗಳಲ್ಲೊಂದು ನಮಗೆ ವಿಶೇಷ ಸ್ವಾರಸ್ಯದ್ದು. ಫ್ರಾನ್ಸಿನ ಒಲಿವಿಯೇ ಮೆಸ್ಸಿಯಾನ್ 1948ರಲ್ಲಿ ಹನ್ನೆರಡು ದನಿಗಳಿಗಾಗಿ ‘ಸ್ಯಾಂಕ್ ರಶಾಂ’ ಎಂಬ ಐದು ಗೀತಗಳ ಗುಚ್ಛವನ್ನು ರಚಿಸಿದರು. ಅದರ ಸಾಹಿತ್ಯದಲ್ಲಿ ಫ್ರೆಂಚು ಸ್ವಲ್ಪ. ಉಳಿದುದು ಸಂಸ್ಕೃತದಂತೆ ಕಿವಿಗೆ ಕೇಳುವ, ಆದರೆ ಯಾವ ನಿಘಂಟಿನಲ್ಲಿಯೂ ಸಿಗದ, ಅವರೇ ಕಟ್ಟಿದ ಅಕ್ಷರಮಾಲೆ. ಮೆಸ್ಸಿಯಾನರಿಗೆ ಈ ಗುಂಗು ಹತ್ತಿದ್ದು ಶಾರ್ಙ್ಗದೇವನಿಂದ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ನೂರಿಪ್ಪತ್ತು ದೇಶೀತಾಳಗಳ ಪಟ್ಟಿ ಕೊಟ್ಟಿದ್ದಾನೆ. ಆ ಪಟ್ಟಿ ಒಂದು ಫ್ರೆಂಚ್ ಸಂಗೀತ ವಿಶ್ವಕೋಶದಲ್ಲಿ ಅಚ್ಚಾಗಿದ್ದುದನ್ನು ಓದಿದ ಮೆಸ್ಸಿಯಾನ್ ಅದನ್ನು ಜೀವನದುದ್ದಕ್ಕೂ ಬಳಸಿಕೊಂಡರು. ತಮ್ಮ ದೊಡ್ಡ ವಾದ್ಯಗೋಷ್ಠಿಕೃತಿಗೆ ‘ತುರಂಗಲೀಲ’ ಎಂಬ ತಾಳದ ಹೆಸರನ್ನೇ ಇಟ್ಟರು. ಅದೇ ‘ರತ್ನಾಕರ’ಕ್ಕೆ ಹದಿನೈದನೆಯ ಶತಮಾನದಲ್ಲಿ ವಿಜಯನಗರದಲ್ಲಿ ಕುಳಿತು ವ್ಯಾಖ್ಯಾನ ಬರೆದವನು ಕಲ್ಲಿನಾಥ. ದೇವಗಿರಿಯ ತಾಳಗಳು ಪ್ಯಾರಿಸ್ಸಿನ ಮೂಲಕ ಹಾದು ಲಂಡನ್ನಿನ ಹದಿನಾರು ಮಂದಿಯ ನಾಲಗೆಗೆ ಬಂದ ಬಗೆ ಇದು. ನಮ್ಮ ಸಂಗೀತಗಾರರಲ್ಲಿ ಆ ನೂರಿಪ್ಪತ್ತರಲ್ಲಿ ಹತ್ತನ್ನಾದರೂ ಕೈಯಲ್ಲಿ ಹಾಕಿ ತೋರಿಸಬಲ್ಲವರು ಎಷ್ಟು ಮಂದಿ ಎಂದು ಕೇಳುವುದು ಬೇಡ. ಇರಲಿ.

ಇನ್ನು ಜನಪ್ರಿಯ ಸಂಗೀತದ ಕಡೆಗೆ ಬರೋಣ. 1960ರ ದಶಕದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ರಾಕ್ ತಂಡಗಳಿಗೆ ಗಿಟಾರು ಮತ್ತು ಡ್ರಮ್ಮು ಎರಡರಿಂದಲೇ ತೃಪ್ತಿಯಾಗದಾಯಿತು. 1967ರಲ್ಲಿ ಬೀಟಲ್ಸರು ಒಂದು ಹಾಡಿಗೆ ಮೈಕ್ ಸ್ಯಾಮ್ಸ್ ಅವರ ಗಾಯಕರನ್ನು ಕರೆದು ವಿಚಿತ್ರವಾದ ಕೂಗಾಟಗಳನ್ನು ಹಾಡಿಸಿದರು. 1969ರ ರೋಲಿಂಗ್ ಸ್ಟೋನ್ಸ್ ಗೀತವೊಂದು ಲಂಡನ್ ಬಾಖ್ ಕ್ವಾಯರ್ ಎಂಬ ದೊಡ್ಡ ವೃಂದದ ದನಿಯಿಂದ ಆರಂಭವಾಗುತ್ತದೆ. ಎದುರು ದಿಕ್ಕಿನಿಂದಲೂ ನಡಿಗೆ ಇತ್ತು: ಜಾನ್ ಟ್ಯಾವೆನರ್ ಎಂಬ ತರುಣ ರಚನಕಾರನ ‘ದಿ ವೇಲ್’ ಎಂಬ ಗಂಭೀರವಾದ ವೃಂದಕೃತಿಯನ್ನು 1970ರಲ್ಲಿ ಹೊರತಂದದ್ದು ಬೀಟಲ್ಸರ ಸ್ವಂತ ಸಂಸ್ಥೆಯಾದ ಆಪಲ್. ಆದರೆ ರಾಕ್ ಹಾಡುಗಳಲ್ಲಿ ಸಾಮಾನ್ಯವಾಗಿ ವೃಂದ ಒಂದು ಅಲಂಕಾರ. ಮದುವೆಯ ಚಪ್ಪರಕ್ಕೆ ಕಟ್ಟಿದ ಮಾವಿನ ತೋರಣದಂತೆ; ಇದ್ದರೆ ಚೆಂದ, ಇಲ್ಲದಿದ್ದರೂ ಮದುವೆ ನಿಲ್ಲುವುದಿಲ್ಲ.

ಆಲ್ಡಿಸ್ ವೃಂದಕ್ಕೆ ಬಂದ ಕೆಲಸ ಬೇರೆ ಜಾತಿಯದು. ಪಿಂಕ್ ಫ್ಲಾಯ್ಡ್ ಎಂಬ ತಂಡದಲ್ಲಿ ಆಗ ನಾಲ್ವರು: ರಾಜರ್ ವಾಟರ್ಸ್, ಡೇವಿಡ್ ಗಿಲ್ಮೋರ್, ರಿಚರ್ಡ್ ರೈಟ್, ನಿಕ್ ಮೇಸನ್. ಗಿಲ್ಮೋರ್ ಗಿಟಾರಿನಲ್ಲಿ ಹುಟ್ಟಿಸಿದ ಒಂದು ಸ್ವರಸರಣಿ ಬೆಳೆಯುತ್ತ ಬೆಳೆಯುತ್ತ ಇಪ್ಪತ್ತಮೂರು ನಿಮಿಷಗಳಿಗೂ ಮೀರಿದ ಒಂದೇ ಕೃತಿಯಾಯಿತು. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಪೂರ್ತಿ ಅದೇ. ಇದಕ್ಕೆ ಹಿತ್ತಾಳೆಯ ಊದುವಾದ್ಯಗಳೂ ಒಂದು ಚೆಲ್ಲೋ ವಾದ್ಯವೂ ಗಾಯಕವೃಂದವೂ ಬೇಕೆಂದು ಅವರಿಗೆ ಅನ್ನಿಸಿತು. ಆದರೆ ನಾಲ್ವರಲ್ಲಿ ಯಾರೂ ವೃಂದಕ್ಕಾಗಿ ಸ್ವರಲಿಪಿ ಬರೆಯುವಂಥವರಲ್ಲ. ಅವರು ಸಂಗೀತವನ್ನು ಕಟ್ಟುತ್ತಿದ್ದುದು ಕೈಬೆರಳುಗಳಿಂದ, ಕಿವಿಯಿಂದ, ಒಟ್ಟಿಗೆ ಕೂತು ಬಾರಿಸಿ ಬಾರಿಸಿ. ಆಲ್ಡಿಸರ ಗಾಯಕರಾದರೋ ಕಾಗದದ ಮೇಲೆ ಬರೆದುಕೊಡದ ಹೊರತು ಬಾಯಿ ತೆರೆಯುವ ಅಭ್ಯಾಸದವರಲ್ಲ. ಈ ಎರಡು ವಿದ್ಯೆಗಳ ನಡುವೆ ಸೇತುವೆ ಕಟ್ಟಲು ರಾನ್ ಗೀಸಿನ್ ಎಂಬ ಸ್ಕಾಟ್ಲೆಂಡಿನ ವಿಚಿತ್ರ ಪ್ರತಿಭೆಯವರು ನೇಮಕವಾದರು. ಜಾಸ್ ತಂಡದಲ್ಲಿ ಪಿಯಾನೋ, ಬ್ಯಾಂಜೋ ಬಾರಿಸಿ, ಟೇಪುಗಳನ್ನು ಕತ್ತರಿಸಿ ಅಂಟಿಸಿ ಪ್ರಯೋಗ ಮಾಡಿದ್ದವರು. 1970ರಲ್ಲಿ ತಂಡ ಟೇಪನ್ನು ಇವರ ಕೈಗಿಟ್ಟು ಅಮೆರಿಕದ ಪ್ರವಾಸಕ್ಕೆ ಹೊರಟುಹೋಯಿತು. ಇವರು ಲಂಡನ್ನಿನ ಸೆಕೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಬರೆದರು.

ಆ ಟೇಪಿನಲ್ಲಿಯೇ ಒಂದು ತೊಡಕು ಅಡಗಿತ್ತು. ಆ್ಯಬಿ ರೋಡಿನ ಧ್ವನಿಮುದ್ರಣಶಾಲೆಗೆ ಆಗ ತಾನೆ ಎಂಟು ಪಥಗಳ ಹೊಸ ಟೇಪುಯಂತ್ರ ಬಂದಿತ್ತು. ಹೊಸದಾದ್ದರಿಂದ ಮಾಲೀಕರಿಗೆ ಅದರ ಮೇಲೆ ಅತಿಯಾದ ಮಮತೆ. ಟೇಪನ್ನು ಕತ್ತರಿಸಿ ಜೋಡಿಸಕೂಡದೆಂದು ಕಟ್ಟಪ್ಪಣೆ. ಹೀಗಾಗಿ ವಾಟರ್ಸ್ ಮತ್ತು ಮೇಸನ್ ಇಬ್ಬರೂ ತಂತಿಯ ಬಾಸ್ ಮತ್ತು ಡ್ರಮ್ಮುಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಬಾರಿಸಬೇಕಾಯಿತು. ಮೇಲಿನ ಸ್ವರಗಳಿಲ್ಲದೆ ಬರಿಯ ತಾಳವನ್ನು ಇಪ್ಪತ್ತಮೂರು ನಿಮಿಷ ನಡಸುವುದು ಹುಡುಗಾಟವಲ್ಲ. ನಡೆ ಗಡಿಯಾರದಂತೆ ನಿಯತವಾಗಿ ಉಳಿಯಲಿಲ್ಲವೆಂದು ಮೇಸನ್ ಅವರೇ ಮುಂದೆ ತಮ್ಮ ಪುಸ್ತಕದಲ್ಲಿ ಒಪ್ಪಿದ್ದಾರೆ.

ಇದರ ಪರಿಣಾಮವೇನು? ಸಾಮಾನ್ಯವಾಗಿ ವೃಂದದ ಕಾಲಪ್ರಮಾಣ ಅದರ ನಿರ್ದೇಶಕನ ಕೈಯಲ್ಲಿರುತ್ತದೆ. ಗಾಯಕರಿಗೆ ಉಸಿರು ಸಾಲದೆಂದು ಕಂಡರೆ ಆತ ಕೈಯನ್ನು ಕೊಂಚ ತಡೆಯುತ್ತಾನೆ. ಅವರೂ ಅವನೂ ಒಬ್ಬರನ್ನೊಬ್ಬರು ನೋಡಿಕೊಂಡೇ ನಡೆಯುತ್ತಾರೆ. ಯಕ್ಷಗಾನದ ಭಾಗವತರಿಗೂ ಮದ್ದಳೆಯವರಿಗೂ ಇರುವ ಸಂಬಂಧವೇ ಇದು. ಟೇಪಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಈಗಾಗಲೇ ಆಗಿಹೋಗಿರುವ ಏರಿಳಿತಗಳೊಡನೆ ಅದು ಓಡುತ್ತಲೇ ಇರುತ್ತದೆ. ಬದುಕಿರುವವರು ಅದರ ಹಿಂದೆ ಓಡಬೇಕು. ಇಂದು ವಾರ್ಷಿಕೋತ್ಸವದಲ್ಲಿ ‘ಟ್ರ್ಯಾಕ್’ ಹಾಕಿಕೊಂಡು ಹಾಡುವ ಮಿತ್ರರಿಗೆ ಈ ಸಂಕಟ ಗೊತ್ತು. ಅವರ ಟ್ರ್ಯಾಕಾದರೂ ಯಂತ್ರದಷ್ಟು ನಿಯತವಾಗಿರುತ್ತದೆ. ಇಲ್ಲಿ ಅದೂ ಇಲ್ಲ.

ಇನ್ನೊಂದು ತೊಡಕು ಎಡುಪಿನದು. ರಾಕ್ ತಂಡದವನಿಗೆ ಆವರ್ತದ ಮೊದಲ ಪೆಟ್ಟು ಎಲ್ಲಿದೆಯೆಂಬುದು ಮೈಗೆ ತಿಳಿದಿರುತ್ತದೆ, ಕಾಗದಕ್ಕಲ್ಲ. ಲಿಪಿಯನ್ನು ಬರೆಯುವವನಾದರೋ ಎಲ್ಲಿಯೋ ಒಂದು ಕಡೆ ಗೆರೆ ಎಳೆದು ‘ಇದು ಒಂದು’ ಎನ್ನಲೇಬೇಕು. ಆ ಗೆರೆ ಒಂದೆಣಿಕೆ ಆಚೀಚೆಯಾದರೆ, ಹಾಡುವವರು ಬರೆದದ್ದನ್ನು ಅಕ್ಷರಶಃ ಸರಿಯಾಗಿ ಹಾಡಿದರೂ ಇಡೀ ಕಟ್ಟಡ ಓರೆಯಾಗಿ ಕಾಣುತ್ತದೆ. ಅತೀತ, ಅನಾಗತಗಳ ಭೇದವನ್ನು ಬಲ್ಲ ನಮ್ಮ ಮೃದಂಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಧ್ವನಿಮುದ್ರಣದ ದಿನ ಗೀಸಿನ್ ಅವರೇ ಹಿತ್ತಾಳೆವಾದ್ಯಗಾರರ ಮುಂದೆ ನಿಂತು ಕೈ ಹಾಕಿದರು. ಆ ವಾದ್ಯಗಾರರು ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆದು ದಿನಕ್ಕೊಂದು ಕಡೆ ಬಾರಿಸುವ ಪಳಗಿದ ವೃತ್ತಿಯವರು. ಎದುರಿಗೆ ನಿಂತವರಿಗೆ ನಿರ್ದೇಶನದ ಅನುಭವವಿಲ್ಲವೆಂದು ಅವರು ಎರಡು ನಿಮಿಷದಲ್ಲಿ ಅಳೆದುಬಿಟ್ಟರು. ಬೇಕೆಂದೇ ಪ್ರಶ್ನೆಗಳನ್ನು ಕೇಳುವುದು, ತಮ್ಮತಮ್ಮಲ್ಲಿ ಮಾತನಾಡುವುದು ಆರಂಭವಾಯಿತು. ಒಬ್ಬ ಕೊಂಬುವಾದಕನೊಡನೆ ಮಾತು ಬೆಳೆದು ಕೈ ಎತ್ತುವವರೆಗೂ ಹೋಯಿತೆಂದು ಗೀಸಿನ್ ಅವರೇ ಹೇಳಿಕೊಂಡಿದ್ದಾರೆ. ಅವರು ಕೋಲನ್ನು ಕೆಳಗಿಡಬೇಕಾಯಿತು. ತಮ್ಮ ಗಾಯಕರೊಡನೆ ಅಲ್ಲಿಗೆ ಬಂದಿದ್ದ ಆಲ್ಡಿಸ್ ಅವರು ಮುಂದೆ ಬಂದು, ಹಾಡುವವರು ಊದುವವರು ಇಬ್ಬರನ್ನೂ ತಮ್ಮ ಕೈಗೆ ತೆಗೆದುಕೊಂಡು ಕೆಲಸ ಮುಗಿಸಿದರು.

ಈ ಘಟನೆಯನ್ನು ರಾಕ್ ಸಂಗೀತದ ಅಭಿಮಾನಿಗಳು ಹಾಸ್ಯಪ್ರಸಂಗವಾಗಿ ಹೇಳುವುದುಂಟು. ನನಗೆ ಮಾತ್ರ ಕಥೆಯ ಜೀವಾಳ ಇಲ್ಲಿಯೇ ಇದೆಯೆಂದು ತೋರುತ್ತದೆ. ಆಲ್ಡಿಸ್ ಅವರ ಬಳಿ ಇದ್ದುದು ರಾಕ್ ಸಂಗೀತದ ಮೇಲಿನ ಪ್ರೇಮವಲ್ಲ. ಹಿಂದೆ ಯಾರೂ ಹಾಡದ, ಹೇಗಿರಬೇಕೆಂದು ಯಾರಿಗೂ ತಿಳಿಯದ ಕಾಗದಗಳನ್ನು ಎಂಟು ವರ್ಷಗಳ ಕಾಲ ಜೀವಂತ ದನಿಯಾಗಿಸಿದ ಅಭ್ಯಾಸ ಅವರದು. ಗೋಯರ್, ಮೆಸ್ಸಿಯಾನರ ಮುಂದೆ ನಡುಗದ ಕೈ ಗೀಸಿನ್ನರ ಲಿಪಿಯ ಮುಂದೆ ಏಕೆ ನಡುಗೀತು? ಹೊಸ ಸಂಗೀತವನ್ನು ಹಾಡುವುದು ಕೆಲವೇ ಪಂಡಿತರ ಗೀಳೆಂದೂ ಅದರಿಂದ ಲೋಕಕ್ಕೆ ಪ್ರಯೋಜನವಿಲ್ಲವೆಂದೂ ಹೇಳುವವರಿದ್ದಾರೆ. ಲಕ್ಷಾಂತರ ಮಂದಿ ಕೇಳಿದ ಒಂದು ಜನಪ್ರಿಯ ಕೃತಿಯನ್ನು ದಡ ಸೇರಿಸಿದ್ದು ಆ ಗೀಳೇ. ಆದರೆ ಇನ್ನೊಂದು ಪಕ್ಷವನ್ನೂ ಹೇಳಬೇಕು. ಆಲ್ಡಿಸರದು ಶಾಸ್ತ್ರೀಯ ಸಂಗೀತದ ಕೈ. ಹಿತ್ತಾಳೆಯ ವಾದನದಲ್ಲಿ ತಾವು ಬಯಸಿದ ಜಾಸಿನ ಚುರುಕು ಬರಲಿಲ್ಲವೆಂದು ಗೀಸಿನ್ ಆಮೇಲೆ ಕೊರಗಿದ್ದುಂಟು. ಧ್ವನಿಮುದ್ರಣವನ್ನು ಕೇಳಿದರೆ ಆ ದೂರಿನಲ್ಲಿ ಹುರುಳಿಲ್ಲದಿಲ್ಲ ಎನ್ನಿಸುತ್ತದೆ. ಎಣಿಕೆಯನ್ನು ಕಾಗದದಿಂದ ಕಲಿಯಬಹುದು. ಪೆಟ್ಟಿನ ತೂಕವನ್ನು ಕಲಿಯಲಾಗದು.

ಕೃತಿಗೆ ಹೆಸರಿರಲಿಲ್ಲ. 1970ರ ಜುಲೈ ತಿಂಗಳಿನಲ್ಲಿ ಬಿ.ಬಿ.ಸಿ. ರೇಡಿಯೋ ಕಾರ್ಯಕ್ರಮಕ್ಕಾಗಿ ಹೆಸರು ಬೇಕಾದಾಗ ಅಂದಿನ ಸಂಜೆಯ ಪತ್ರಿಕೆಯನ್ನು ತಿರುವಿಹಾಕಿದರು. ಅಣುಶಕ್ತಿಯಿಂದ ನಡೆಯುವ ಹೃದಯಸಾಧನವನ್ನು ಅಳವಡಿಸಿಕೊಂಡ ಮಹಿಳೆಯೊಬ್ಬಳ ಸುದ್ದಿ ಅದರಲ್ಲಿತ್ತು. ಅದರಿಂದ ‘ಆಟಂ ಹಾರ್ಟ್ ಮದರ್’ ಎಂಬ ನಾಮಕರಣವಾಯಿತು. ಒಳಭಾಗಗಳ ಹೆಸರುಗಳೂ ಇಂಥ ಚೇಷ್ಟೆಯವೇ. ಒಂದಕ್ಕೆ ‘ದಯವಿಟ್ಟು ನಿಮ್ಮ ಗಂಟಲು ಜೋಪಾನ’ ಎಂಬರ್ಥದ ಹೆಸರಿದೆ. ತಟ್ಟೆಯ ಹೊದಿಕೆಯ ಮುಂಭಾಗದಲ್ಲಿ ತಂಡದ ಹೆಸರೂ ಇಲ್ಲ, ಕೃತಿಯ ಹೆಸರೂ ಇಲ್ಲ. ಹುಲ್ಲುಗಾವಲಿನಲ್ಲಿ ನಿಂತು ತಿರುಗಿ ನೋಡುವ ಒಂದು ಹಸು, ಅಷ್ಟೆ.

ಗಾಯಕವೃಂದ ಇದರಲ್ಲಿ ಏನು ಹಾಡುತ್ತದೆ? ಒಂದು ಭಾಗದಲ್ಲಿ ಮಾತೇ ಇಲ್ಲ, ಬರಿ ಸ್ವರದ ಎಳೆಗಳು. ಇನ್ನೊಂದರಲ್ಲಿ ಅರ್ಥವಿಲ್ಲದ ಅಕ್ಷರಗಳನ್ನು ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಚುಚ್ಚಿ ಚುಚ್ಚಿ ಉಚ್ಚರಿಸುತ್ತದೆ. ತಿಲ್ಲಾನದ ಜತಿಗಳನ್ನೂ ನಟುವಾಂಗದ ಸೊಲ್ಲುಗಳನ್ನೂ ಕೇಳಿ ಬೆಳೆದ ನಮಗೆ ಇದು ವಿಚಿತ್ರವಲ್ಲ. ಆದರೆ ದೇವಾಲಯದ ಸ್ತೋತ್ರಗಳಲ್ಲಿ ಬೆಳೆದ ಗಾಯಕರಿಗೆ ವಿಚಿತ್ರವಾಗಬೇಕಿತ್ತು. ಆಗಲಿಲ್ಲ, ಏಕೆಂದರೆ ಮೆಸ್ಸಿಯಾನರ ಕಟ್ಟುಭಾಷೆಯನ್ನು ಹಾಡಿದ್ದ ನಾಲಗೆ ಅದು. ಈ ಎರಡು ಭಾಗಗಳಲ್ಲಿ ವೃಂದ ತೋರಣವಲ್ಲ, ಚಪ್ಪರದ ಕಂಬ. ಅದನ್ನು ಕಿತ್ತರೆ ಅಲ್ಲಿ ಉಳಿಯುವುದು ಬರಿಯ ಹಿನ್ನೆಲೆಯ ವಾದನ.

1970ರ ಜೂನ್ 27ರಂದು ಆರಂಭವಾದ ಬಾತ್ ಉತ್ಸವದಲ್ಲಿ, ನಡುರಾತ್ರಿ ಕಳೆದು ಬೆಳಗಿನ ಜಾವದಲ್ಲಿ, ವೃಂದ ಮತ್ತು ಹಿತ್ತಾಳೆವಾದ್ಯಗಳೊಡನೆ ಕೃತಿ ಜನರ ಮುಂದೆ ಬಂತು. ಜುಲೈ 18ರಂದು ಲಂಡನ್ನಿನ ಹೈಡ್ ಪಾರ್ಕಿನ ಬಯಲಿನಲ್ಲಿ, ಟಿಕೆಟ್ಟಿಲ್ಲದೆ. ಕೊಠಡಿಗೆಂದು ಹುಟ್ಟಿದ ಕಿರುವೃಂದಕ್ಕೆ ಬಯಲು ಅನುಕೂಲವಾದ ಜಾಗವಲ್ಲ. ಗಾಯಕರ ಮುಂದಿನ ಮೈಕುಗಳು ಅವರ ದನಿಯ ಜೊತೆಗೆ ಪಕ್ಕದ ಡ್ರಮ್ಮನ್ನೂ ಹಿಡಿಯುತ್ತವೆ. ದನಿಯನ್ನು ಏರಿಸಿದರೆ ಡ್ರಮ್ಮೂ ಏರುತ್ತದೆ. ಹಾಡುವವನಿಗೆ ತನ್ನ ಸ್ವರವೇ ತನಗೆ ಕೇಳದು. ಸೂಕ್ಷ್ಮವಾದ ಶ್ರುತಿಶುದ್ಧಿಯೆಲ್ಲ ಗಾಳಿಪಾಲು. ಆ ಅಕ್ಟೋಬರ್ ತಿಂಗಳಿನಲ್ಲಿ ಹೊರಬಂದ ತಟ್ಟೆ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಈ ತಂಡಕ್ಕೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ಆದರೆ ಊರೂರಿಗೆ ಅಷ್ಟು ಮಂದಿಯನ್ನು ಕರೆದೊಯ್ಯುವುದು ದುಬಾರಿ. ಅನೇಕ ಕಡೆ ನಾಲ್ವರೇ ಬಾರಿಸಿ ಮುಗಿಸತೊಡಗಿದರು, ಕ್ರಮೇಣ ಕೈಬಿಟ್ಟರು. ಮುಂದೆ ವಾಟರ್ಸ್, ಗಿಲ್ಮೋರ್ ಇಬ್ಬರೂ ಈ ಕೃತಿಯನ್ನು ಹಗುರವಾಗಿಯೇ ಮಾತನಾಡಿದರು. ಹೀಗಿದ್ದರೂ 2008ರ ಜೂನ್‌ನಲ್ಲಿ ಲಂಡನ್ನಿನ ಕ್ಯಾಡಗನ್ ಹಾಲಿನಲ್ಲಿ ಗೀಸಿನ್ ಅವರು ಕ್ಯಾಂಟಿಕಮ್ ಎಂಬ ಮತ್ತೊಂದು ಕಿರುವೃಂದದ ಸಹಾಯದಿಂದ ಎರಡು ದಿನ ಇದನ್ನು ನಡೆಸಿದಾಗ, ಎರಡನೆಯ ದಿನ ಗಿಲ್ಮೋರ್ ಬಂದು ಗಿಟಾರು ಬಾರಿಸಿದರು.

ಆಲ್ಡಿಸ್ ವೃಂದಕ್ಕಂತೂ ಇದು ಹಲವು ಕೆಲಸಗಳಲ್ಲೊಂದು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಅವರ ನಿರ್ದೇಶನದಲ್ಲಿ ಪುಚ್ಚೀನಿಯ ‘ಟುರಾಂಡಾಟ್’ ಸಂಗೀತನಾಟಕ ಮುದ್ರಿತವಾದಾಗ ಅದರಲ್ಲಿ ಪೀಕಿಂಗಿನ ಪ್ರಜೆಗಳಾಗಿ ಹಾಡಿದವರು ಇವರೇ. ಪಾವರೊಟ್ಟಿಯವರ ಹಿಂದೆ ಕೇಳುವ ಆ ದನಿಗೂ ಹಸುವಿನ ಚಿತ್ರದ ತಟ್ಟೆಯ ದನಿಗೂ ಹೆಸರು ಒಂದೇ ಎಂಬುದು ಎಷ್ಟೋ ಕೇಳುಗರಿಗೆ ಗೊತ್ತಿರಲಾರದು.

ನಮ್ಮ ದೇಶದಲ್ಲಿ ಈ ಸಂಬಂಧ ತಲೆಕೆಳಗಾಗಿ ನಡೆದಿದೆ. ಇಲ್ಲಿ ಹಲವು ದನಿಗಳ ವೃಂದಗಳನ್ನು ಕಟ್ಟಿದವರಲ್ಲಿ ಚಲನಚಿತ್ರದ ಸಂಗೀತಗಾರರೇ ಮುಂದು. 1950ರ ದಶಕದಲ್ಲಿ ಬೊಂಬಾಯಿ ಯೂತ್ ಕ್ವಾಯರನ್ನು ಕಟ್ಟಿದವರು ಸಲಿಲ್ ಚೌಧುರಿ. ಮದರಾಸಿನಲ್ಲಿ ಅಂಥದೇ ವೃಂದವನ್ನು ಬೆಳೆಸಿದವರು ಎಂ. ಬಿ. ಶ್ರೀನಿವಾಸನ್. ಇಬ್ಬರೂ ಸಿನಿಮಾದವರು. ಇದೇ ಬೇರೊಂದು ಲೇಖನಕ್ಕೆ ಯೋಗ್ಯವಾದ ವಿಷಯ.

ಆಲ್ಡಿಸರ ಕಾಲದಲ್ಲಿ ಜನಪ್ರಿಯ ಸಂಗೀತಗಾರರು ಕಿರುವೃಂದದ ಬಾಗಿಲಿಗೆ ಬಂದರು. ಈಗ ಕಿರುವೃಂದಗಳೇ ಹೊರಗೆ ಹೊರಟಿವೆ. 2009ರಲ್ಲಿ ಅಮೆರಿಕದ ಬ್ರ್ಯಾಡ್ ವೆಲ್ಸ್ ಎಂಬವರು ಎಂಟೇ ಮಂದಿಯ ವೃಂದವೊಂದನ್ನು ಆರಂಭಿಸಿದರು. ‘ರೂಮ್‌ಫುಲ್ ಆಫ್ ಟೀತ್’ ಎಂದು ಹೆಸರು; ಕೋಣೆ ತುಂಬ ಹಲ್ಲುಗಳು ಎಂದರ್ಥ! ಪ್ರತಿಯೊಬ್ಬರ ಕೈಯಲ್ಲಿಯೂ ಮೈಕು. ದೇವಾಲಯದ ದನಿಯೊಂದೇ ಸಾಲದು, ಲೋಕದ ಜನ ಗಂಟಲಿನಿಂದ ಏನೇನು ಮಾಡಬಲ್ಲರೋ ಅದನ್ನೆಲ್ಲ ಕಲಿಯಬೇಕೆಂಬುದು ಇವರ ಹಟ. ಮಧ್ಯ ಏಷ್ಯದ ತುವಾ ಜನ ಒಂದೇ ಗಂಟಲಿನಿಂದ ಎರಡು ಸ್ವರಗಳನ್ನು ಹೊರಡಿಸುವ ವಿದ್ಯೆ, ಆಲ್ಪ್ಸ್ ಪರ್ವತದ ಕುರುಬರ ಯೋಡೆಲ್, ನಾಟಕರಂಗದ ಗಟ್ಟಿದನಿ ಮುಂತಾದವನ್ನು ಆಯಾ ವಿದ್ಯೆಯವರನ್ನೇ ಬರಮಾಡಿಕೊಂಡು ಕಲಿತರು. ಟ್ಯೂನ್‌ಯಾರ್ಡ್ಸ್ ಎಂಬ ಜನಪ್ರಿಯ ತಂಡದ ಮೆರಿಲ್ ಗಾರ್ಬಸ್ ಇವರಿಗಾಗಿ ಹಾಡು ರಚಿಸಿಕೊಟ್ಟರು. ವೃಂದದಲ್ಲಿಯೇ ಆಲ್ಟೋ ಹಾಡುತ್ತಿದ್ದ ಕ್ಯಾರೊಲೈನ್ ಶಾ ಎಂಬ ತರುಣಿ ಬರೆದ ‘ಎಂಟು ದನಿಗಳ ಪಾರ್ಟಿಟಾ’ 2013ರಲ್ಲಿ ಪುಲಿಟ್ಜರ್ ಪಾರಿತೋಷಕ ಪಡೆಯಿತು. ಆಕೆಗೆ ಆಗ ಮೂವತ್ತು ವರ್ಷ. ಸಂಗೀತಕ್ಕೆ ಆ ಬಹುಮಾನ ಪಡೆದವರಲ್ಲಿ ಅತ್ಯಂತ ಕಿರಿಯಳು. ಮುಂದೆ ಕಾನ್ಯೆ ವೆಸ್ಟ್ ಎಂಬ ಹೆಸರಾಂತ ರ್‍ಯಾಪ್ ಗಾಯಕ ಆಕೆಯನ್ನು ತನ್ನ ಹಾಡುಗಳಿಗೆ ಕರೆಸಿಕೊಂಡ.

ಲಂಡನ್ನಿನಲ್ಲಿ ತೊಡಕು ತಾಳದ್ದಾಗಿದ್ದರೆ ಇಲ್ಲಿ ತೊಡಕು ಹಕ್ಕಿನದು. ಉತ್ತರ ಧ್ರುವದ ಬಳಿಯ ಇನ್ಯೂಟ್ ಹೆಂಗಸರು ಇಬ್ಬಿಬ್ಬರು ಎದುರುಬದುರು ನಿಂತು, ಉಸಿರನ್ನು ಒಳಗೆಳೆಯುತ್ತ ಬಿಡುತ್ತ ಆಡುವ ಕತಜ್ಜಾಕ್ ಎಂಬ ಗಂಟಲಿನ ಆಟವೊಂದಿದೆ. ‘ಪಾರ್ಟಿಟಾ’ದ ಮೂರನೆಯ ಭಾಗದಲ್ಲಿ ಅದರ ಪಡಿನೆಳಲು ಸ್ಪಷ್ಟವಾಗಿದೆಯೆಂದೂ, ತಮ್ಮ ಜನರ ಹೆಸರನ್ನು ಹೇಳದೆ ಅದನ್ನು ಬಳಸಿಕೊಂಡದ್ದು ಸರಿಯಲ್ಲವೆಂದೂ ಇನ್ಯೂಟ್ ಗಾಯಕಿ ತಾನ್ಯಾ ತಗಾಕ್ 2019ರಲ್ಲಿ ಬಹಿರಂಗವಾಗಿ ಆಕ್ಷೇಪಿಸಿದರು. ವೃಂದದವರು 2010ರಲ್ಲಿ ಇನ್ಯೂಟ್ ಗಾಯಕಿಯರಿಂದಲೇ ಅದನ್ನು ಕಲಿತಿದ್ದರು; ಅದನ್ನು ಹೇಳಿ ಉತ್ತರಿಸಿದರು. ಕಲಿಸಿದವರಿಗೆ ಗುರುದಕ್ಷಿಣೆ ಸಂದರೆ ಸಾಕೇ, ಕೃತಿಯ ಮೇಲೆ ಹೆಸರೂ ಬೇಕೇ? ಬೇಕೆಂದೇ ನನ್ನ ಮತ. ‘ಆಟಂ ಹಾರ್ಟ್ ಮದರ್’ ಕೃತಿಯ ರಚನಕಾರರ ಸಾಲಿನಲ್ಲಿ ತಂಡದ ನಾಲ್ವರ ಜೊತೆಗೆ ಗೀಸಿನ್ನರ ಹೆಸರೂ ಉಂಟು. ನಮ್ಮ ಹಳ್ಳಿಯ ಹೆಂಗಸರ ಸೋಬಾನೆಯ ಧಾಟಿ ಚಲನಚಿತ್ರಕ್ಕೆ ಹೋದಾಗ, ಅದನ್ನು ಹಾಡಿ ಕಲಿಸಿದವಳ ಹೆಸರನ್ನು ನಾವು ತೆರೆಯ ಮೇಲೆ ಎಷ್ಟು ಸಲ ಓದಿದ್ದೇವೆ?

ಎರಡು ಕೃತಿಗಳನ್ನೂ ಇಂದು ಕೈಯಲ್ಲಿರುವ ಫೋನಿನಲ್ಲಿಯೇ ಕೇಳಬಹುದು. ಮೊದಲ ಸಲ ಕೇಳುವ ಮಿತ್ರರಿಗೆ ಒಂದು ಸೂಚನೆ: ಆಟಂ ಹಾರ್ಟ್ ಮದರಿನ ಆರಂಭದ ಹಿತ್ತಾಳೆಯ ಅಬ್ಬರಕ್ಕೆ ಹೆದರಿ ನಿಲ್ಲಿಸಬೇಡಿ. ಐದು ನಿಮಿಷ ದಾಟಿದ ಮೇಲೆ ಎಲ್ಲ ತಣ್ಣಗಾಗಿ ಆರ್ಗನ್ ಒಂದು ಮೆಲ್ಲಗೆ ಹರಡಿಕೊಳ್ಳುತ್ತದೆ. ಅದರ ಮೇಲೆ ಮಾತಿಲ್ಲದೆ ಒಂದು ಹೆಣ್ಣುದನಿ ಏಳುತ್ತದೆ. ಅನಂತರ ಒಂದೊಂದೇ ಪಂಕ್ತಿ ಬಂದು ಸೇರುತ್ತದೆ. ಹಿಂದೆ ಡ್ರಮ್ಮಿನ ನಡೆಗೆ ಕಿವಿಗೊಟ್ಟು, ಆ ದನಿಗಳು ಅದನ್ನು ಹೇಗೆ ಅನುಸರಿಸುತ್ತವೆಂದು ಗಮನಿಸಿ ಕೇಳಿ.